ಚಿಪ್ ಮೊದಲು, ಪೆಟ್ಟಿಗೆ ಆಮೇಲೆ
ಬಾಯಿ ಕಟ್ಟಿದ ಹಾಡಿನ ಪೆಟ್ಟಿಗೆಯನ್ನು ಮನೆಯಲ್ಲೇ ರಿಪೇರಿ ಮಾಡುವ ಬಗೆ

ಕಡರನಾಯಕನಹಳ್ಳಿಯ ನಮ್ಮ ದೊಡ್ಡಪ್ಪನ ಮನೆ ಪಡಸಾಲೆಯ ಗೂಟಕ್ಕೆ ಅಂಗೈಯಗಲದ ಒಂದು ಹಾಡಿನ ಪೆಟ್ಟಿಗೆ ಸದಾ ನೇತಾಡುತ್ತಿರುತ್ತದೆ. ದೊಡ್ಡಪ್ಪ ಗದ್ದೆಗೆ ಹೊರಟರೆ ಹೆಗಲ ಮೇಲಿನ ಟವಲಿನ ಜೊತೆ ಅದೂ ಹೊರಡುತ್ತದೆ. ಸರದಿಯಲ್ಲಿ ಕಾಲುವೆ ನೀರು ಕಟ್ಟಲು ರಾತ್ರಿ ಹೋದರೆ ಬದುವಿನ ಮೇಲೆ ಕೂತು ಬೆಳಗಿನ ಜಾವದವರೆಗೂ ಹಾಡುತ್ತದೆ. ಎಫ್‌ಎಂ ಉಂಟು, ಪೆನ್‌ಡ್ರೈವ್ ಚುಚ್ಚುವ ಜಾಗವುಂಟು, ಪಕ್ಕದಲ್ಲಿ ಉಗುರಿನಷ್ಟು ದೊಡ್ಡ ಚಿಪ್ ಹಾಕುವ ಸೀಳು ಉಂಟು. ಮೆಮೊರಿ ಕಾರ್ಡಿಗೆ ನಮ್ಮ ಕಡೆ ಚಿಪ್ ಎಂದೇ ಹೆಸರು.

ನಾಟಿಯ ಹೊತ್ತಿನಲ್ಲಿ ಒಂದು ದಿನ ದೊಡ್ಡಪ್ಪನ ಫೋನ್ ಬಂತು. "ತಮ್ಮಾ, ಪೆಟ್ಟಿಗೆ ಬಾಯೇ ಬಿಡವಲ್ದು. ಹೊಸಾದು ತಗಂಡ್ರಾತು ಅಂತಾರೆ ಹುಡುಗ್ರು. ಚಿಪ್ಪಿನಾಗ ಇರೋದು ಹೋದ್ರೆ ಏನ್ ಮಾಡ್ಲಿ?"

ಆ ಚಿಪ್‌ನಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು. ದೊಡ್ಡವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಮದುವೆಯೊಂದರಲ್ಲಿ ಆಕೆ ಹಾಡಿದ ಸೋಬಾನೆ ಪದಗಳನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಅವು ಅದರಲ್ಲಿವೆ. ಇಡೀ ರಾತ್ರಿಯ ಒಂದು ಬಯಲಾಟವೂ ಇದೆ. ಅಂಗಡಿಯಲ್ಲಿ ತುಂಬಿಸಿಕೊಂಡ ಸಿನಿಮಾ ಹಾಡು ಹೋದರೆ ನಾಳೆ ಮತ್ತೆ ತುಂಬಿಸಬಹುದು. ಈ ಎರಡು ಮತ್ತೆಲ್ಲೂ ಸಿಗುವುದಿಲ್ಲ. ಹಾಗಾಗಿ ಇಂಥ ಪೆಟ್ಟಿಗೆ ಕೆಟ್ಟಾಗ ಸ್ಕ್ರೂಡ್ರೈವರ್‌ಗೆ ಕೈ ಹಾಕುವ ಮುನ್ನ ಮಾಡಬೇಕಾದ ಕೆಲಸದಿಂದಲೇ ಶುರು ಮಾಡುತ್ತೇನೆ.

ಮೊದಲ ಕೆಲಸ: ಚಿಪ್ ಉಳಿಸಿಕೊಳ್ಳಿ

ಪೆಟ್ಟಿಗೆಯನ್ನು ಆಫ್ ಮಾಡಿ, ಚಿಪ್ಪನ್ನು ಉಗುರಿನಿಂದ ಒಳಕ್ಕೆ ಮೆಲ್ಲಗೆ ಒತ್ತಿ ಬಿಡಿ, ಅದೇ ಹೊರಗೆ ಬರುತ್ತದೆ. ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿಗೆ ಹಾಕಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಮೊಬೈಲಿಗೆ ಜೋಡಿಸುವ ರೀಡರ್ ಆದೀತು. ಇದ್ದಷ್ಟನ್ನೂ ಹಾಗೆಯೇ ನಕಲು ಮಾಡಿ ಎರಡು ಬೇರೆ ಬೇರೆ ಕಡೆ ಇಡಿ.

ಈ ಹಂತದಲ್ಲಿ ಪರದೆಯ ಮೇಲೆ "ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು" ಎಂಬ ಸೂಚನೆ ಬಂದರೆ ದಯವಿಟ್ಟು ಒಪ್ಪಬೇಡಿ. ಎರಡು ವರ್ಷದ ಹಿಂದೆ ಇದೇ ಚಿಪ್ಪಿಗೆ ಅವಸರದಲ್ಲಿ ನಾನು ಹೂಂ ಎಂದು ಒತ್ತಿಬಿಟ್ಟೆ. ಕ್ಷಣದಲ್ಲಿ ಚಿಪ್ ಖಾಲಿ. ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು, ಏನೂ ಅನ್ನಲಿಲ್ಲ. ಆ ಮೌನ ಇವತ್ತಿಗೂ ನನ್ನ ಎದೆಯಲ್ಲಿದೆ.

ಪುಣ್ಯಕ್ಕೆ ಒಂದು ದಾರಿ ಇತ್ತು. ಬೇಗ ಮುಗಿಯುವ ಬಗೆಯ ಫಾರ್ಮ್ಯಾಟ್ ಹಾಡುಗಳನ್ನು ಅಳಿಸುವುದಿಲ್ಲ, ಯಾವ ಹಾಡು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಅಳಿಸುತ್ತದೆ. ಮೇಲೆ ಹೊಸದೇನನ್ನೂ ಬರೆಯದಿದ್ದರೆ ಹಳೆಯದು ಅಲ್ಲೇ ಕೂತಿರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶವಿದೆ. ಹೆಸರು ಫೋಟೊದ್ದಾದರೂ ಅದು ಹಾಡಿನ ಕಡತಗಳನ್ನೂ ಹುಡುಕಿ ತೆಗೆಯುತ್ತದೆ. ಎರಡು ನಿಯಮ ನೆನಪಿಡಿ: ತಪ್ಪು ಆದ ತಕ್ಷಣ ಆ ಚಿಪ್ಪನ್ನು ಬಳಸುವುದು ನಿಲ್ಲಿಸಿ, ಸಿಕ್ಕಿದ ಕಡತಗಳನ್ನು ಅದೇ ಚಿಪ್ಪಿಗೆ ಬರೆಯದೆ ಕಂಪ್ಯೂಟರಿನಲ್ಲಿ ಉಳಿಸಿ. ನನಗೆ ಬಹುಪಾಲು ಮರಳಿ ಸಿಕ್ಕವು, ಆದರೆ ಹೆಸರುಗಳೆಲ್ಲ ಹೋಗಿದ್ದವು. ಬರೀ ಅಂಕಿ ಅಕ್ಷರದ ಗೊಂಚಲು. ದೊಡ್ಡಪ್ಪನನ್ನು ಕೂರಿಸಿಕೊಂಡು ಒಂದೊಂದನ್ನೇ ಕೇಳಿ ಹೆಸರಿಡಲು ಎರಡು ಸಂಜೆ ಹಿಡಿಯಿತು. "ಇದು ಅರಿಶಿಣ ಹಚ್ಚೋವಾಗಿಂದು", "ಇದು ಹೆಣ್ಣು ಒಪ್ಪಿಸೋವಾಗ" ಎಂದು ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಯಾವ ಪದ ಯಾವ ಶಾಸ್ತ್ರದ್ದು ಎಂಬುದೂ ಆಗ ಕಡತದ ಹೆಸರಿನಲ್ಲಿ ಸೇರಿಕೊಂಡಿತು. ನಿಮ್ಮ ಮನೆಯಲ್ಲಿ ಹಿರಿಯರ ದನಿ ಇದ್ದರೆ ಹೆಸರು ಹೇಳಬಲ್ಲವರು ಇರುವಾಗಲೇ ಈ ಕೆಲಸ ಮಾಡಿಟ್ಟುಕೊಳ್ಳಿ.

ಬಿಚ್ಚುವ ಮುನ್ನ

ಚಿಪ್ ಭದ್ರವಾದ ಮೇಲೆ ಪೆಟ್ಟಿಗೆಯ ಕಡೆ ತಿರುಗೋಣ. ಬೇರೆ ಚಾರ್ಜರ್, ಬೇರೆ ಕೇಬಲ್ ಹಾಕಿ ನೋಡಿ. ಕೆಟ್ಟದ್ದು ಕೇಬಲ್ ಆಗಿದ್ದು ಪೆಟ್ಟಿಗೆ ತಿಪ್ಪೆ ಸೇರಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಬ್ಯಾಟರಿ ತೆಗೆದಿಟ್ಟು ಚಾರ್ಜಿಂಗ್ ಪಿನ್ನಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಭತ್ತದ ಸೀಮೆಯ ಪೆಟ್ಟಿಗೆಗಳಲ್ಲಿ ಕಣದ ಹೊಟ್ಟು, ದೂಳು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸೂಜಿ, ಪಿನ್ನು ಹಾಕಬೇಡಿ. ಮರದ ಹಲ್ಲುಕಡ್ಡಿಯಿಂದ ಕೆದಕಿ ಒಣ ಬ್ರಷ್‌ನಿಂದ ತೆಗೆಯಿರಿ. ಚಿಪ್ಪಿನ ಹಳದಿ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಇಷ್ಟಕ್ಕೇ ಮಾತಾಡಿಬಿಡುವ ಪೆಟ್ಟಿಗೆಗಳೂ ಇವೆ.

ಬ್ಯಾಟರಿ ಏನು ಹೇಳುತ್ತದೆ

ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಬಿಎಲ್-5ಸಿ ಬ್ಯಾಟರಿ. 2003ರಲ್ಲಿ ಬಂದ ನೋಕಿಯಾ 1100 ಫೋನಿನಲ್ಲಿದ್ದದ್ದೂ ಇದೇ. ಫೋನುಗಳು ಹೋದವು, ಬ್ಯಾಟರಿಯ ಅಳತೆ ಉಳಿಯಿತು. ಹಾಗಾಗಿ ಪೇಟೆಯ ಮೊಬೈಲ್ ಅಂಗಡಿಗಳಲ್ಲಿ ಇವತ್ತಿಗೂ ಸುಲಭವಾಗಿ ಸಿಗುತ್ತದೆ.

ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಮನೆಯಲ್ಲಿ ರಿಪೇರಿ ಮಾಡುವವರಿಗೆ ಅದಕ್ಕಿಂತ ದೊಡ್ಡ ಗೆಳೆಯ ಇಲ್ಲ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿಯಿರಿ. ನಡುವಿನ ಪಟ್ಟಿಯನ್ನು ಬಿಟ್ಟುಬಿಡಿ. ಪೂರ್ತಿ ಚಾರ್ಜ್ ಆಗಿದ್ದರೆ 4.2 ವೋಲ್ಟ್ ಬರಬೇಕು. 3.7ರ ಆಸುಪಾಸು ಅಂದರೆ ಅರ್ಧಂಬರ್ಧ. 3ಕ್ಕಿಂತ ಕೆಳಗೆ ಅಂದರೆ ಖಾಲಿ. 2.5ಕ್ಕಿಂತ ಕೆಳಗಿಳಿದು ಬಹಳ ದಿನ ಬಿದ್ದಿದ್ದ ಬ್ಯಾಟರಿಗೆ ಮತ್ತೆ ಜೀವ ತುಂಬಲು ಹೋಗಬೇಡಿ, ಒಳಗೇ ಶಾರ್ಟ್ ಆಗುವ ಅಪಾಯವಿದೆ. ಮೀಟರಿನಲ್ಲಿ 4 ವೋಲ್ಟ್ ತೋರಿಸಿ, ಹಾಡು ಹಚ್ಚಿದ ಕೂಡಲೇ ಪೆಟ್ಟಿಗೆ ಸತ್ತುಹೋದರೆ ಬ್ಯಾಟರಿ ಮುದಿಯಾಗಿದೆ ಎಂದೇ ಲೆಕ್ಕ.

ಕಲ್ಲಿನ ಹಾಸಿನ ಮೇಲೆ ಬ್ಯಾಟರಿಯನ್ನು ಮಲಗಿಸಿ ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಹೊಟ್ಟೆ ಉಬ್ಬಿದೆ. ಉಬ್ಬಿದ್ದಕ್ಕೆ ಮೊಳೆ ತಾಗಿಸಬೇಡಿ, ಒತ್ತಬೇಡಿ, ಒಲೆಗೆ ಹಾಕಬೇಡಿ. ಒಳಗಿನದು ಬೆಂಕಿ ಹಿಡಿಯುವ ದ್ರವ. ತಿಪ್ಪೆಗೂ ಎಸೆಯಬೇಡಿ, ಅದು ನಾಳೆ ಗೊಬ್ಬರದ ಜೊತೆ ಗದ್ದೆಗೇ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದಲ್ಲಿ ಬೆರೆಸುವಂತಿಲ್ಲ. ಧ್ರುವಗಳಿಗೆ ಟೇಪ್ ಅಂಟಿಸಿ, ಪೇಟೆಗೆ ಹೋದಾಗ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಹೊಸದನ್ನು ಕೊಳ್ಳುವಾಗ ಮೇಲೆ ಬರೆದಿರುವ ಎಂಎಎಚ್ ಅಂಕಿ ಓದಿ. ಅಸಲಿ ಬಿಎಲ್-5ಸಿ 1020ರ ಸುತ್ತಮುತ್ತ ಇರುತ್ತದೆ. ಅದೇ ಗಾತ್ರದಲ್ಲಿ 3000, 5000 ಎಂದು ಬರೆದಿದ್ದರೆ ಅದು ಸುಳ್ಳು, ಕೆಳಗಿಟ್ಟು ಬನ್ನಿ. ಬ್ಯಾಟರಿಯ ಸುರಕ್ಷತೆಯಲ್ಲಿ ದೊಡ್ಡ ಕಂಪನಿಗಳೇ ಎಡವಿದ್ದುಂಟು: 2005ರ ಡಿಸೆಂಬರ್‌ನಿಂದ 2006ರ ನವೆಂಬರ್ ಒಳಗೆ ಮತ್ಸುಷಿತಾ ತಯಾರಿಸಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದು ಎಂದು 2007ರ ಆಗಸ್ಟ್‌ನಲ್ಲಿ ನೋಕಿಯಾ ಎಚ್ಚರಿಸಿ, ಬದಲಿಸಿಕೊಡಲು ಮುಂದಾಗಿತ್ತು. ಹೆಸರೇ ಇಲ್ಲದ ಬ್ಯಾಟರಿಯನ್ನು ರಾತ್ರಿಯಿಡೀ ಹಾಸಿಗೆಯ ಪಕ್ಕ ಚಾರ್ಜಿಗೆ ಹಾಕಿ ಮಲಗುವುದನ್ನು ದಯವಿಟ್ಟು ಬಿಡಿ.

ದೊಡ್ಡಪ್ಪನ ಬ್ಯಾಟರಿ ಬುಗುರಿಯಂತೆ ಸುತ್ತಿತು. ಹೊಸದು ಹಾಕಿದೆ, ಹಾಡಿತು. ಆದರೆ ಸಂಜೆ ಚಾರ್ಜಿಗಿಟ್ಟರೆ ದೀಪ ಹತ್ತಲಿಲ್ಲ.

ಚಾರ್ಜಿಂಗ್ ಪಿನ್

ಬಿಚ್ಚುವಾಗ ಬ್ಯಾಟರಿ ಹೊರಗಿರಬೇಕು. ಸ್ಟಾರ್ ಮೂತಿಯ ಸಣ್ಣ ಸ್ಕ್ರೂಡ್ರೈವರ್ ಬೇಕು. ಕಣ್ಣಿಗೆ ಕಾಣುವ ಸ್ಕ್ರೂಗಳನ್ನು ಬಿಚ್ಚಿದ ಮೇಲೂ ಡಬ್ಬಿ ಬಾಯಿ ಬಿಡದಿದ್ದರೆ ಬ್ಯಾಟರಿ ಕೂರುವ ಗುಳಿಯಲ್ಲಿ, ಹಿಂದಿನ ಸ್ಟಿಕ್ಕರ್ ಕೆಳಗೆ ಬೆರಳಾಡಿಸಿ. ಒಂದು ಸ್ಕ್ರೂ ಅಲ್ಲಿ ಅಡಗಿರುತ್ತದೆ. ಅಂಚಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಸುತ್ತಲೂ ಓಡಿಸಿ. ಒಮ್ಮೆಲೇ ಎಳೆದರೆ ಸ್ಪೀಕರ್ ವೈರು, ಏರಿಯಲ್ ವೈರು ಕಿತ್ತು ಬರುತ್ತವೆ. ತೆರೆದ ಕೂಡಲೇ ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ. ಯಾವ ವೈರು ಎಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಚಾರ್ಜಿಂಗ್ ಪಿನ್ ಹಾಳಾಗುವುದು ನಾವು ಕೇಬಲ್ ಎಳೆದಾಡುವುದರಿಂದ. ಪಿನ್ನಿನ ಲೋಹದ ಕವಚವನ್ನು ಹಿಡಿದಿರುವ ಬೆಸುಗೆ ಮೊದಲು ಬಿರುಕು ಬಿಡುತ್ತದೆ, ಆಮೇಲೆ ಒಳಗಿನ ಕೂದಲೆಳೆಯ ಕಾಲುಗಳು ಏಳುತ್ತವೆ. ಮೈಕ್ರೊ ಯುಎಸ್‌ಬಿ ಪಿನ್ನಿಗೆ ಐದು ಕಾಲು. ಚಾರ್ಜಿಗೆ ಬೇಕಾದವು ಎರಡು ತುದಿಯವು ಮಾತ್ರ, ಒಂದರಲ್ಲಿ 5 ವೋಲ್ಟ್, ಇನ್ನೊಂದು ಗ್ರೌಂಡ್. ಚಾರ್ಜರ್ ಹಾಕಿ ಆ ಎರಡರ ನಡುವೆ ಮೀಟರ್ ಹಿಡಿಯಿರಿ. 5 ಬರದಿದ್ದರೆ ಕೆಟ್ಟಿರುವುದು ಪಿನ್ನೇ.

25 ವ್ಯಾಟಿನ ಸೋಲ್ಡರಿಂಗ್ ಐರನ್, ಸಣ್ಣ ಮೂತಿ, 60/40 ಲೆಡ್, ಸ್ವಲ್ಪ ಪೇಸ್ಟ್ ಇದ್ದರೆ ಸಾಕು. ಈ ಲೆಡ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗಿ 190ರ ಹತ್ತಿರ ಪೂರ್ತಿ ಕರಗುತ್ತದೆ. ಮೊದಲು ಕವಚದ ಕಾಲುಗಳನ್ನು ಕೂರಿಸಿ, ಪಿನ್ ಅಲುಗಾಡದಂತಾದ ಮೇಲೆ ತುದಿಯ ಎರಡು ಕಾಲುಗಳಿಗೆ ಹನಿಯಷ್ಟೇ ಬೆಸುಗೆ ಹಾಕಿ. ಒಂದೊಂದು ಕಡೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಒತ್ತಿದರೆ ಬೋರ್ಡಿನ ತಾಮ್ರವೇ ಎದ್ದು ಬರುತ್ತದೆ. ಬೆಸುಗೆ ಹೊಳೆಯಬೇಕು, ಬೂದಿ ಬಣ್ಣಕ್ಕೆ ಮಣಿಯಂತೆ ನಿಂತರೆ ಹಿಡಿದಿಲ್ಲ ಎಂದರ್ಥ. ಕಿಟಕಿ ತೆರೆದು ಕೂರಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಅದು ಸೀಸ.

ತಾಮ್ರ ಎದ್ದೇಬಿಟ್ಟಿದ್ದರೆ? ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಹಾಗೇ ಆಗಿತ್ತು. ಆಗ ಹಳೆಯ ಪಿನ್ನಿನ ಆಸೆ ಬಿಟ್ಟು ಟಿಪಿ4056 ಎಂಬ ಚಾರ್ಜಿಂಗ್ ಪ್ಲೇಟ್ ಹಾಕುವುದೇ ವಾಸಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ಟೈಪ್-ಸಿ ಬಾಯಿಯದೂ ಇದೆ. ಆರು ತೂತುಗಳಿರುವ, ರಕ್ಷಣೆ ಇರುವ ಪ್ಲೇಟನ್ನೇ ಕೇಳಿ. ಬಿ ಪ್ಲಸ್, ಬಿ ಮೈನಸ್ ಎಂದು ಬರೆದ ತೂತುಗಳಿಂದ ವೈರನ್ನು ಬ್ಯಾಟರಿ ಗುಳಿಯ ಸ್ಪ್ರಿಂಗುಗಳಿಗೆ, ಔಟ್ ಪ್ಲಸ್, ಔಟ್ ಮೈನಸ್‌ನಿಂದ ಪೆಟ್ಟಿಗೆಯ ಬೋರ್ಡಿಗೆ ಕೊಡಿ. ಅಂದರೆ ಸ್ಪ್ರಿಂಗಿನಿಂದ ಬೋರ್ಡಿಗೆ ನೇರ ಹೋಗುತ್ತಿದ್ದ ದಾರಿಯನ್ನು ಕತ್ತರಿಸಬೇಕು, ಹಳೆಯ ಪಿನ್ನನ್ನು ಇನ್ನು ಮುಂದೆ ಬಳಸಬಾರದು. ಬ್ಯಾಟರಿಯ ಮೈಗೆ ನೇರವಾಗಿ ಐರನ್ ಮುಟ್ಟಿಸಲೇಬೇಡಿ.

ಒಂದು ಸೂಕ್ಷ್ಮವಿದೆ. ಈ ಪ್ಲೇಟ್ ಅಂಗಡಿಯಿಂದ ಬರುವಾಗ 1 ಆಂಪಿಯರ್ ಕೊಡುವಂತೆ ಹೊಂದಿಸಿರುತ್ತದೆ. ಬಿಎಲ್-5ಸಿಯಂಥ ಸಣ್ಣ ಬ್ಯಾಟರಿಗೆ ಅದು ಜಾಸ್ತಿ, ಅರ್ಧ ಸಾಕು. ಪ್ಲೇಟಿನ ಮೇಲೆ 122 ಎಂದು ಬರೆದ ಚಿಕ್ಕ ರೆಸಿಸ್ಟರ್ ಇರುತ್ತದೆ. 1200ನ್ನು ಆ ರೆಸಿಸ್ಟರಿನ ಕಿಲೊಓಮ್‌ನಿಂದ ಭಾಗಿಸಿದರೆ ಎಷ್ಟು ಮಿಲಿಆಂಪಿಯರ್ ಎಂಬುದು ಸಿಗುತ್ತದೆ. 1.2 ಕಿಲೊಓಮ್ ತೆಗೆದು 2.4 ಹಾಕಿದರೆ 500. ಎಳ್ಳಿನಷ್ಟು ಗಾತ್ರದ್ದಾದ್ದರಿಂದ ಕೈ ನಡುಗುವವರು ಈ ಒಂದು ಕೆಲಸವನ್ನು ಮೊಬೈಲ್ ರಿಪೇರಿಯವರಿಂದ ಮಾಡಿಸಿ. ಪ್ಲೇಟಿನಲ್ಲಿ ಕೆಂಪು ದೀಪ ಚಾರ್ಜ್ ಆಗುತ್ತಿರುವುದಕ್ಕೆ. ನೀಲಿ ಅಥವಾ ಹಸಿರು ತುಂಬಿದ್ದಕ್ಕೆ. ಚಾರ್ಜ್ ಆಗುವಾಗ ಹಾಡು ಹಚ್ಚಬೇಡಿ, ತುಂಬಿದ್ದು ಪ್ಲೇಟಿಗೆ ಸರಿಯಾಗಿ ತಿಳಿಯುವುದಿಲ್ಲ. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ವೈರು ಎಳೆಯಲೇಬಾರದು. 5 ವೋಲ್ಟ್ ಕೊಡುವ ವಾಹನದ ಚಾರ್ಜರ್ ಬಳಸಿ.

ದನಿ ಒಡೆದರೆ, ನೀರು ಹೊಕ್ಕರೆ

ದೀಪ ಹತ್ತಿ ದನಿ ಬಾರದಿದ್ದರೆ ಸ್ಪೀಕರಿನ ಎರಡು ತುದಿಗೆ ಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ವೈರಿನಿಂದ ಒಂದು ಕ್ಷಣ ಮುಟ್ಟಿಸಿ. ಟಕ್ ಎಂದರೆ ಸ್ಪೀಕರ್ ಜೀವಂತ. ಸುಮ್ಮನಿದ್ದರೆ ಒಳಗಿನ ಸುರುಳಿ ಹರಿದಿದೆ, ಹಿಂಭಾಗದಲ್ಲಿ ಬರೆದಿರುವ ಓಮ್, ವ್ಯಾಟ್ ಅಂಕಿ ತೋರಿಸಿ ಅದೇ ಅಳತೆಯದು ತನ್ನಿ. 4 ಓಮ್ ಇದ್ದಲ್ಲಿ 8 ಓಮ್ ಹಾಕಿದರೆ ದನಿ ಸಣ್ಣದಾಗುತ್ತದೆ ಅಷ್ಟೆ; 8 ಇದ್ದಲ್ಲಿ 4 ಹಾಕಿದರೆ ಬೋರ್ಡಿನ ಮೇಲೆ ಭಾರ ಬೀಳುತ್ತದೆ. ದನಿ ಗರಗರ ಎಂದರೆ ಸ್ಪೀಕರಿನ ಕಾಗದಕ್ಕೆ ಹೊಟ್ಟಿನ ಚೂರು ಅಂಟಿರಬಹುದು, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ತಿರುಗಿಸುವ ವಾಲ್ಯೂಮ್ ಬಿರಡೆ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಹತ್ತಿಪ್ಪತ್ತು ಸಲ ತಿರುಗಿಸಿ. ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು ಎರಡು ದಿನ ನುಣ್ಣಗಿದ್ದು ಆಮೇಲೆ ದೂಳನ್ನೆಲ್ಲ ಹಿಡಿದು ಜಿಡ್ಡುಗಟ್ಟುತ್ತದೆ.

ನಾಟಿಯಲ್ಲಿ ಪೆಟ್ಟಿಗೆ ಕೆಸರಿಗೆ ಬೀಳುವುದು ಇದ್ದದ್ದೇ. ಬಿದ್ದ ಕೂಡಲೇ ಆನ್ ಮಾಡಿ ನೋಡುವ ಚಪಲ ಬೇಡ, ಮೊದಲು ಬ್ಯಾಟರಿ ಕಿತ್ತುಬಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವ ರೂಢಿಯನ್ನೂ ಬಿಡಿ. ಹೊರಗಿನ ತೇವ ಹೇಗೂ ಆರುತ್ತದೆ. ಬೋರ್ಡನ್ನು ತಿನ್ನುವುದು ನೀರು ಆರಿದ ಮೇಲೆ ಉಳಿಯುವ ಮಣ್ಣು, ಗೊಬ್ಬರದ ಉಪ್ಪು. ಅಕ್ಕಿ ಅದನ್ನು ತೆಗೆಯದು, ಮೇಲಿಂದ ತನ್ನ ಹಿಟ್ಟನ್ನೂ ಸೇರಿಸುತ್ತದೆ. ಪೆಟ್ಟಿಗೆ ಬಿಚ್ಚಿ, ಮೊಬೈಲ್ ರಿಪೇರಿಯವರು ಬಳಸುವ ಐಪಿಎ ದ್ರವವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಹಾಕಿ ಬೋರ್ಡನ್ನು ತೊಳೆಯಿರಿ. ಒಲೆ, ಬೀಡಿ, ಬಿಸಿ ಐರನ್ ಹತ್ತಿರ ಇರಬಾರದು, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಸ್ಪೀಕರಿನ ಕಾಗದಕ್ಕೆ ಅದನ್ನು ತಾಗಿಸಬೇಡಿ. ನೆರಳಲ್ಲಿ ಒಂದು ದಿನ ಗಾಳಿಗಿಟ್ಟು ಆಮೇಲೆ ಬ್ಯಾಟರಿ ಹಾಕಿ.

73 ಸೆಂಟಿಮೀಟರ್ ವೈರು

ನಮ್ಮ ದಾವಣಗೆರೆ ಜಿಲ್ಲೆ 1997ರಲ್ಲೇ ಚಿತ್ರದುರ್ಗದಿಂದ ಬೇರೆಯಾಯಿತು. ಆದರೆ ದೊಡ್ಡಪ್ಪನ ಬೆಳಗು ಈಗಲೂ ಆಕಾಶವಾಣಿ ಚಿತ್ರದುರ್ಗದ್ದೇ. 102.6 ಮೆಗಾಹರ್ಟ್ಸ್ ಬರುತ್ತಿಲ್ಲ ಎಂದರೆ ಅವರಿಗೆ ದಿನವೇ ಆರಂಭವಾದಂತಲ್ಲ. ಏರಿಯಲ್ ಕಡ್ಡಿ ಮುರಿದಿದ್ದರೆ, ಅಥವಾ ಕಡ್ಡಿಯ ಬುಡದ ವೈರು ಕಳಚಿದ್ದರೆ ಬರೀ ಬುಸ್ಸೆನ್ನುತ್ತದೆ. ಕಡ್ಡಿ ಇದ್ದರೆ ಬುಡದ ವೈರನ್ನು ಮತ್ತೆ ಬೆಸೆಯಿರಿ. ಇಲ್ಲದಿದ್ದರೆ ಒಂದು ತುಂಡು ಮಾಮೂಲಿ ವೈರು ಸಾಕು, ಅದರ ಉದ್ದಕ್ಕೆ ಲೆಕ್ಕವುಂಟು. ಅಲೆಯ ಉದ್ದದ ಕಾಲು ಭಾಗ ಬೇಕು. 300ನ್ನು 102.6ರಿಂದ ಭಾಗಿಸಿದರೆ ಅಲೆ ಸುಮಾರು 2.92 ಮೀಟರ್, ಅದರ ಕಾಲು ಭಾಗ 73 ಸೆಂಟಿಮೀಟರ್. ಅಷ್ಟು ವೈರನ್ನು ಬೋರ್ಡಿನ ಏರಿಯಲ್ ಬಿಂದುವಿಗೆ ಬೆಸೆದು ಕಿಟಕಿಯ ಹತ್ತಿರ ನೇರವಾಗಿ ಇಳಿಬಿಡಿ.

ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್ ಕೇಳಬೇಕೆನ್ನುವವರಿಗೆ ಮೀಡಿಯಂ ವೇವ್ ಇರುವ ಪೆಟ್ಟಿಗೆಯೇ ಬೇಕು. ಅದಕ್ಕೆ ಈ ಕಡ್ಡಿ ನೆರವಾಗದು. ಒಳಗಿರುವ ಕಪ್ಪು ಫೆರೈಟ್ ಸರಳೇ ಏರಿಯಲ್, ಪೆಟ್ಟಿಗೆಯನ್ನೇ ಅತ್ತಿತ್ತ ತಿರುಗಿಸಿ ದನಿ ತಿಳಿಯಾಗುವ ದಿಕ್ಕು ಹಿಡಿಯಬೇಕು. ರೇಡಿಯೊ ಕೇಳುವಾಗ ಅಗ್ಗದ ಚಾರ್ಜರನ್ನು ಪ್ಲಗ್‌ನಿಂದ ಕೀಳಿ, ಗದ್ದಲದ ಅರ್ಧ ಅಲ್ಲಿಂದಲೇ ಬರುತ್ತಿರುತ್ತದೆ.

ಮತ್ತೆ ಹಾಡು ತುಂಬುವಾಗ

32 ಜಿಬಿಗಿಂತ ದೊಡ್ಡ ಚಿಪ್ ಕೊಳ್ಳಬೇಡಿ. ದೊಡ್ಡವು ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಬರುತ್ತವೆ, ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಅರ್ಥವಾಗುವುದು ಫ್ಯಾಟ್32 ಮಾತ್ರ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ಎಂ4ಎ ಅಥವಾ ಎಎಂಆರ್ ರೂಪದಲ್ಲಿದ್ದರೆ ಪೆಟ್ಟಿಗೆ ಅದನ್ನು ಹಾರಿಸಿ ಮುಂದೆ ಹೋಗುತ್ತದೆ. ವಿಎಲ್‌ಸಿಯಂಥ ಉಚಿತ ತಂತ್ರಾಂಶದಲ್ಲಿ ಎಂಪಿ3ಗೆ ಬದಲಿಸಿಕೊಳ್ಳಿ. 128 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ ಹೆಚ್ಚು ಕಡಿಮೆ 1 ಎಂಬಿ ಆಗುತ್ತದೆ. ರಾತ್ರಿಯಿಡೀ ಎಂಟು ತಾಸು ನಡೆದ ಬಯಲಾಟ ಅರ್ಧ ಜಿಬಿಯೊಳಗೆ ಕೂರುತ್ತದೆ. ಕ್ಯಾಸೆಟ್ ಕಾಲದಲ್ಲಿ ಇದಕ್ಕೆ 90 ನಿಮಿಷದ ಆರು ಕ್ಯಾಸೆಟ್ ಬೇಕಿತ್ತು, ಮಗ್ಗುಲು ಬದಲಿಸುವಾಗ ಒಂದೆರಡು ಮಾತು ತಪ್ಪಿಹೋಗುತ್ತಿತ್ತು.

ಪರದೆ ಇಲ್ಲದ ಪೆಟ್ಟಿಗೆಗಳಲ್ಲಿ ಹಲವು ಹೆಸರಿನ ಕ್ರಮ ನೋಡುವುದಿಲ್ಲ, ಚಿಪ್ಪಿಗೆ ಯಾವುದು ಮೊದಲು ಬಂತೋ ಅದನ್ನೇ ಮೊದಲು ಹಾಡುತ್ತವೆ. ಹಾಗಾಗಿ ಕಡತಗಳಿಗೆ 001, 002 ಎಂದು ಅಂಕಿ ಕೊಡಿ, ಖಾಲಿ ಮಾಡಿದ ಚಿಪ್ಪಿಗೆ ಒಂದಾದ ಮೇಲೆ ಒಂದರಂತೆ ಅದೇ ಸಾಲಿನಲ್ಲಿ ನಕಲು ಮಾಡಿ. ಖಾಲಿ ಮಾಡುವ ಮುನ್ನ, ಮೊದಲೇ ಮಾಡಿಟ್ಟ ಆ ಎರಡು ನಕಲುಗಳನ್ನು ತೆರೆದು, ಹಾಡು ಕೇಳಿ, ಖಾತ್ರಿ ಮಾಡಿಕೊಳ್ಳಿ.

ಬ್ಯಾಟರಿ ತೆಗೆದು ಹಾಕಿದರೆ ದೊಡ್ಡಪ್ಪನ ಪೆಟ್ಟಿಗೆ ಎಲ್ಲಿ ನಿಲ್ಲಿಸಿದ್ದೆ ಎಂಬುದನ್ನು ಮರೆತು ಮತ್ತೆ ಒಂದನೆಯದರಿಂದ ಶುರು ಮಾಡುತ್ತದೆ. ಸ್ಕ್ರೂ ಬಿಗಿಯುವ ಮುನ್ನ "ಒಂದನೇದು ಯಾವುದು ಇಡ್ಲಿ ದೊಡ್ಡಪ್ಪಾ?" ಎಂದು ಕೇಳಿದೆ. ಅವರು ಗೂಟದ ಕಡೆ ನೋಡಿ, "ಅರಿಶಿಣದ್ದು ಇಡು" ಅಂದರು. 001 ಈಗ ಅದೇ.